ಆಯುಧಪೂಜೆಗೆ ಕೂತ ಎರಡು ರೂಟರು

ನಾನು ಓದಿದ್ದು ಮೂರನೇ ಕ್ಲಾಸು. ಎಂಬತ್ತರ ದಶಕದ ಕೊನೆಯಲ್ಲಿ ಕುಲಶೇಖರದ ಮನೆಯಿಂದ ಎರಡು ಬಸ್ಸು ಹಿಡಿದು ಒಂದು ಕಾಲೇಜಿಗೆ ಹೋಗುತ್ತಿದ್ದೆ, ಕಂಪ್ಯೂಟರ್ ಲ್ಯಾಬು ಗುಡಿಸಿ ಒರೆಸುವ ಕೆಲಸಕ್ಕೆ. ಅಲ್ಲಿ ಏಸಿ ಇತ್ತು. ಮನೆಗಿಂತ ಅಲ್ಲಿಯೇ ಸುಖ, ಸುಳ್ಳು ಯಾಕೆ ಹೇಳಲಿ.

ಲ್ಯಾಬು ಎರಡು, ಒಂದು ಕೆಳಗೆ, ಒಂದು ಮಾಳಿಗೆಯಲ್ಲಿ. ಒಂದೊಂದರಲ್ಲೂ ಸ್ಟೂಲಿನ ಮೇಲೆ ಒಂದೇ ತರದ ಒಂದು ಬೂದು ಪೆಟ್ಟಿಗೆ, ಅದಕ್ಕೆ ರೂಟರ್ ಎನ್ನುತ್ತಿದ್ದರು. ಕೆಳಗಿನ ಕಂಪ್ಯೂಟರಿನ ಮಾತು ಮೇಲಿನದಕ್ಕೆ ಮುಟ್ಟಬೇಕಾದರೆ ಈ ಎರಡೂ ಪೆಟ್ಟಿಗೆಗಳನ್ನು ದಾಟಬೇಕು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದವಳು ಒಬ್ಬಳು ಚಿಕ್ಕ ಪ್ರಾಯದ ಮೇಡಂ. ಟೆಂಪರರಿ. ವರ್ಷಕ್ಕೊಮ್ಮೆ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಸಹಿ ಹಾಕಿದರೆ ಕೆಲಸ, ಇಲ್ಲದಿದ್ದರೆ ಮನೆ. ಆ ವರ್ಷದ ಸಹಿಗೆ ಎರಡೇ ವಾರ ಇತ್ತು.

ಆಯುಧಪೂಜೆಯ ಹಿಂದಿನ ಸಂಜೆ ಅವಳು ಕಂಪ್ಯೂಟರುಗಳಿಗೂ ಆ ಪೆಟ್ಟಿಗೆಗಳಿಗೂ ವಿಳಾಸದ ನಂಬರು ಬದಲಿಸುತ್ತಾ ಕೂತಿದ್ದಳು.

"ಒಂದೇ ಜಾಗವನ್ನು ಎರಡು ಪಾಲು ಮಾಡಿದ ಹಾಗೆ ಅಕ್ಕ. ಅರ್ಧ ನಂಬರು ಮೇಲಿನವಕ್ಕೆ, ಅರ್ಧ ಕೆಳಗಿನವಕ್ಕೆ. ಗಡಿ ಎಲ್ಲಿ ಅಂತ ಹೇಳ್ಲಿಕ್ಕೆ ಮಾಸ್ಕ್ ಅಂತ ಇನ್ನೊಂದು ನಂಬರು."

ನಮ್ಮ ಮನೆಯ ಪಾಲು ಕೋರ್ಟಿಗೆ ಹೋದದ್ದನ್ನು ಕಂಡವಳು ನಾನು. "ಪಾಲಾದ ಮೇಲೆ ಮಾತು ನಿಲ್ಲುದೇ ಮೇಡಂ" ಎಂದೆ. ನಕ್ಕಳು. ಹೊತ್ತಾಗಿತ್ತು. ಸರಿಯಾಯಿತೋ ಇಲ್ಲವೋ ಎಂದು ನೋಡದೆ ಬಸ್ಸಿಗೆ ಓಡಿದಳು.

ಮರುದಿನ ಪೂಜೆಗೆ ಅವಳು ಬರಲಿಲ್ಲ. ಕಂಪ್ಯೂಟರುಗಳಿಗೆ ಇದ್ದಲ್ಲಿಯೇ ಕುಂಕುಮ ಹಚ್ಚಿದೆವು. ಈ ಪೆಟ್ಟಿಗೆಗಳನ್ನು ಮಾತ್ರ ವೈರು ಕಳಚಿ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೇ ಮೇಜಿನ ಮೇಲಿಟ್ಟು ಸೇವಂತಿಗೆ ಏರಿಸಿದೆ. ಎರಡರ ಬೆನ್ನಿಗೂ ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿದ್ದರು. ಮಾಸಿ ಕೊಳಕಾಗಿದೆ ಎಂದು ಕಿತ್ತು ಬಿಸಾಡಿದೆ. ಭಟ್ಟರು ಆರತಿ ಎತ್ತಿದರು. ಅವಲಕ್ಕಿ ತಿಂದು ಎರಡನ್ನೂ ತಿರುಗಿ ಸ್ಟೂಲಿನ ಮೇಲಿಟ್ಟು ವೈರು ಸಿಕ್ಕಿಸಿದೆ. ನೋಡಿ ನೋಡಿ ಅಷ್ಟು ಕಲಿತಿದ್ದೆ. ದೀಪವೂ ಹತ್ತಿತು.

ರಜೆ ಮುಗಿದು ಬಂದರೆ ಕೆಳಗಿನ ಕಂಪ್ಯೂಟರುಗಳ ಮಾತು ಕೆಳಗಿನವುಗಳೊಡನೆ ಮಾತ್ರ, ಮೇಲಿನವುಗಳದ್ದು ಮೇಲಿನವುಗಳೊಡನೆ ಮಾತ್ರ. ಎಚ್‌ಒಡಿ ಎಲ್ಲರೆದುರೇ ಕೇಳಿದರು, "ಸರಿ ಇದ್ದದ್ದನ್ನು ಪಾಲು ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?"

ಅವಳು ಒಂದೂವರೆ ದಿನ ಒಂದೊಂದೇ ಕಂಪ್ಯೂಟರಿನ ನಂಬರು, ಮಾಸ್ಕು ಎಲ್ಲವನ್ನೂ ತಾನು ಬರೆದಿಟ್ಟ ಪುಸ್ತಕಕ್ಕೆ ತಾಳೆ ನೋಡಿದಳು. ಎಲ್ಲ ಸರಿ ಇತ್ತು. ಕೊನೆಗೆ ಪೆಟ್ಟಿಗೆಗಳ ಒಳಗಿನ ನಂಬರು ತೆಗೆದು ನೋಡಿದವಳು ನನ್ನತ್ತ ತಿರುಗಿದಳು.

"ಕೆಳಗಿನ ರೂಟರಲ್ಲಿ ಮೇಲಿನ ನಂಬರು ಉಂಟು ಅಕ್ಕ. ಮೇಲಿನದ್ರಲ್ಲಿ ಕೆಳಗಿನದ್ದು. ಗಡಿಬಿಡಿಯಲ್ಲಿ ನಾನೇ ಅದಲುಬದಲು ಹಾಕಿದ್ದೇನೆ."

ತಪ್ಪೊಪ್ಪಿಗೆಯ ಕಾಗದ ಬರೆಯಲು ಶುರು ಮಾಡಿದಳು. ನನಗೆ ಅಷ್ಟರಲ್ಲೇ ಹೊಳೆದಿತ್ತು. ನನ್ನದೂ ಟೆಂಪರರಿಯೇ. ಅರ್ಧ ಕೋಣೆ ಒರೆಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದೆ. ಅವಳ ಪೆನ್ನು ಸಹಿಯ ಹತ್ತಿರ ಬಂತು.

"ಆ ಕಾಗದ ಆಚೆ ಇಡಿ ಮೇಡಂ. ತಪ್ಪಿದ್ದು ನಂಬರಲ್ಲ, ಪೆಟ್ಟಿಗೆ. ಪೂಜೆಗೆ ತಂದವಳು ನಾನು. ಯಾವುದು ಎಲ್ಲಿಯದ್ದು ಅಂತ ನೋಡದೆ ಇಟ್ಟೆ."

"ಅದನ್ನು ಎಂತಕ್ಕೆ ಎತ್ತಿದ್ದು ಮಾರಾಯ್ತಿ?"

"ದೇವರೆದುರು ಇಡ್ಲಿಕ್ಕೆ. ಮತ್ತೆಂತಕ್ಕೆ?"

ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಇಬ್ಬರೂ ಸೇರಿ ಪೆಟ್ಟಿಗೆ ಬದಲಿಸಿದೆವು. ಕೆಳಗಿನಿಂದ ಕೇಳಿದ್ದಕ್ಕೆ ಮೇಲಿನ ಕಂಪ್ಯೂಟರು ಉತ್ತರ ಕೊಟ್ಟಿತು. ಅವಳು ಬರೆದಿದ್ದ ಪಾಲು ಒಂದಂಕಿಯೂ ತಪ್ಪಿರಲಿಲ್ಲ.

ಎಚ್‌ಒಡಿಯ ಕೋಣೆಗೆ ನಾನೇ ಹೋಗಿ ಹೇಳಿದೆ. ಬೈದರು, ಇನ್ನು ವೈರು ಮುಟ್ಟಿದರೆ ಮನೆಗೆ ಕಳಿಸುತ್ತೇನೆ ಎಂದರು. ಕಳಿಸಲಿಲ್ಲ. ಅವಳಿಗೆ ಸಹಿ ಸಿಕ್ಕಿತು.

ಆ ವಾರವೇ ಅವಳು ಎರಡು ಪೆಟ್ಟಿಗೆಗಳ ನೆತ್ತಿಯ ಮೇಲೂ ಕೆಂಪು ಪೈಂಟಿನಲ್ಲಿ ಕನ್ನಡದಲ್ಲಿ ಬರೆದಳು, ಮೇಲೆ, ಕೆಳಗೆ ಎಂದು. ಅಷ್ಟು ಓದಲು ನನಗೆ ಬರುತ್ತದೆ.