ಮೆರ್ಲ್ ಹಾಕಿದ ಇಂಟು ಮಾರ್ಕು

ಮೆರ್ಲ್ ಟ್ರೆಗಿಯರ್ ಮೂವತ್ತೊಂದು ವರ್ಷ ಆ ಕಣಿವೆಯ ರಸ್ತೆಯಲ್ಲಿ ಅಂಚೆ ಗಾಡಿ ಓಡಿಸಿದಳು. ಅಷ್ಟೂ ವರ್ಷ ಜನರ ಕಾಗದಗಳು ತಡವಾಗಿಯೇ ತಲುಪಿದವು. ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡರೆ ಅವಳ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಯಾರಾದರೂ ಗೊಣಗಿದರೆ, "ಕಾಗದ ನಾಳೆ ಓದಿದ್ರೂ ನೀನೇನು ಸಾಯಲ್ಲ. ಸತ್ತ ತಾಯಿ ಹೊಟ್ಟೆಚೀಲದಲ್ಲಿರೋ ಮರಿ ಸಾಯುತ್ತೆ" ಎಂದು ದಬಾಯಿಸುತ್ತಿದ್ದಳು. ಅವಳ ಬಾಯಿಗೆ ಹೆದರಿ ಜನ ಸುಮ್ಮನಾಗುತ್ತಿದ್ದರು.

ಆ ರಸ್ತೆಯಲ್ಲಿ ಸಾಯುವುದು ಹೆಚ್ಚಾಗಿ ವೊಂಬ್ಯಾಟ್‌ಗಳೇ. ಮೋಟು ಕಾಲು, ಗುಂಡು ಮೈ, ಕಾಂಗರೂವಿನಂತೆ ಹೊಟ್ಟೆಯಲ್ಲೊಂದು ಚೀಲ, ಮಹಾ ಹಟಮಾರಿ ಜೀವ. ಬಿಲದಿಂದ ಹೊರಬಂದು ರಸ್ತೆಯಂಚಿನ ಹುಲ್ಲು ಮೇಯುವಾಗ ಲಾರಿ ಬಂದರೆ ಪಕ್ಕಕ್ಕೆ ಸರಿಯುವ ಮಾತೇ ಇಲ್ಲ. ರಸ್ತೆ ತನ್ನಪ್ಪನದೇ ಎಂಬಂತೆ ನಿಂತುಬಿಡುತ್ತದೆ. ತಾಯಿ ಸತ್ತರೂ ಹೊಟ್ಟೆಚೀಲದಲ್ಲಿ ಮರಿ ಬದುಕಿರಬಹುದು. ಆ ಚೀಲದ ಬಾಯಿ ಹಿಂದಕ್ಕಿರುತ್ತದೆ, ಬಿಲ ತೋಡುವಾಗ ಒಳಗೆ ಮಣ್ಣು ತುಂಬಬಾರದಲ್ಲ. ಹಾಗಾಗಿ ಹಿಂಗಾಲಿನ ಕಡೆಯಿಂದ ಕೈ ಹಾಕಿ ನೋಡಬೇಕು. ನೋಡಿಯಾದ ಮೇಲೆ ಗುಲಾಬಿ ಬಣ್ಣದ ಸ್ಪ್ರೇ ಡಬ್ಬಿಯಿಂದ ಸತ್ತದ್ದರ ಬೆನ್ನ ಮೇಲೆ ದೊಡ್ಡದೊಂದು ಇಂಟು ಮಾರ್ಕು ಹಾಕಬೇಕು. ಇದನ್ನು ನೋಡಿಯಾಗಿದೆ, ನೀವು ಹೋಗಬಹುದು ಎಂದು ಅದರ ಅರ್ಥ.

ಈ ಪದ್ಧತಿಯನ್ನು ಕಣಿವೆಗೆ ಕಲಿಸಿದವಳು ಮೆರ್ಲ್. ಮೊದಮೊದಲು ಹುಚ್ಚಿ ಎಂದು ನಕ್ಕವರೇ ಆಮೇಲೆ ತಮ್ಮ ಗಾಡಿಗಳಲ್ಲಿ ಡಬ್ಬಿ ಇಟ್ಟುಕೊಂಡರು. ಹಾಲಿನ ಲಾರಿಯ ಕ್ಲೆಮ್‌ನಂಥ ಒರಟನೂ ಮಂಡಿಯೂರಿ ಚೀಲದೊಳಗೆ ಕೈ ಹಾಕುವುದನ್ನು ಕಲಿತ. ಸಿಕ್ಕ ಮರಿಗಳೆಲ್ಲ ಮೆರ್ಲ್‌ಳ ಮನೆಗೆ ಬರುತ್ತಿದ್ದವು. ಉಣ್ಣೆಯ ಚೀಲದಲ್ಲಿಟ್ಟು ಎದೆಗೆ ಕಟ್ಟಿಕೊಂಡು, ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸುತ್ತಿದ್ದಳು. ಎರಡು ವರ್ಷ ತುಂಬುವ ಹೊತ್ತಿಗೆ ಅದೇ ಮರಿ ಅವಳ ಮೀನಖಂಡ ಕಚ್ಚಿ, ಬಾಗಿಲು ಒಡೆದು ಕಾಡಿಗೆ ಹೋಗುತ್ತಿತ್ತು. ವೊಂಬ್ಯಾಟ್ ಉಪಕಾರ ನೆನೆಯುವ ಜಾತಿಯಲ್ಲ. ಕಾಲಿನ ಗಾಯದ ಕಲೆಗಳನ್ನು ಮೆರ್ಲ್ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದಳು.

ಅಂಚೆ ಕೆಲಸ ಮುಗಿದ ಮೇಲೂ ದಿನಾ ಬೆಳಬೆಳಿಗ್ಗೆ ತನ್ನ ಗಾಡಿಯಲ್ಲಿ ಆ ರಸ್ತೆ ಸುತ್ತಿ ಬರುತ್ತಿದ್ದಳು. ಎಪ್ಪತ್ತಮೂರು ತುಂಬಿದ ವರ್ಷ ಅವಳ ಕಣ್ಣು ಮಂಜಾಗತೊಡಗಿತು. ನೋಟದ ಅಂಚೆಲ್ಲ ಸರಿಯಾಗಿತ್ತು. ಯಾವುದನ್ನು ನೆಟ್ಟು ನೋಡುತ್ತಾಳೋ ಅದೇ ಕರಗಿಹೋಗುತ್ತಿತ್ತು. ಇನ್ನು ಗಾಡಿ ಓಡಿಸಬಾರದು ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಡಚಿ ಬಿಸ್ಕತ್ತಿನ ಡಬ್ಬದ ತಳಕ್ಕೆ ಹಾಕಿದಳು. ಯಾರಿಗೂ ಹೇಳಲಿಲ್ಲ. ಗಾಡಿ ಬಿಟ್ಟರೆ ರಸ್ತೆ ಹೋಯಿತು, ರಸ್ತೆ ಹೋದರೆ ಮರಿಗಳು ಹೋದವು. ಆಮೇಲೆ ತನ್ನ ಹತ್ತಿರ ಉಳಿಯುವುದೇನು? ಹೆದರಿಕೆ ಅದೊಂದೇ. ಪ್ರತಿ ತಿರುವೂ ಬಾಯಿಪಾಠ ಎಂದು ತನಗೆ ತಾನೇ ಹೇಳಿಕೊಂಡು ನಿಧಾನ ಓಡಿಸುತ್ತಿದ್ದಳು.

ಮರುವರ್ಷ, ಅಲ್ಲಿನ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಸೇತುವೆಯಾಚೆಯ ತಿರುವಿನಲ್ಲಿ ಹೆಣ್ಣು ವೊಂಬ್ಯಾಟ್ ಒಂದು ಸತ್ತು ಬಿದ್ದಿತ್ತು. ಹುಲ್ಲಿನ ಮೇಲೆಲ್ಲ ಬಿಳಿಯ ಹಿಮ. ಚಳಿಗೆ ಮೆರ್ಲ್‌ಳ ಬೆರಳುಗಳಲ್ಲಿ ಜೀವವೇ ಇರಲಿಲ್ಲ. ಹಿಂದಿನಿಂದ ಕೈ ಹಾಕಿ ತಡಕಿದಳು. ಚೀಲ ಖಾಲಿ. ಇನ್ನೂ ಎರಡು ಕೆಲಸ ಬಾಕಿ ಇದ್ದವು. ಒಂದು, ಮೊಲೆತೊಟ್ಟು ನೋಡುವುದು: ಜಗ್ಗಿ ಉದ್ದವಾಗಿದ್ದರೆ ಮರಿ ಚೀಲ ಬಿಟ್ಟು ತಾಯಿಯ ಹಿಂದೆ ಓಡಾಡುತ್ತಿದೆ ಎಂದರ್ಥ. ಇನ್ನೊಂದು, ಸುತ್ತಮುತ್ತ ಹುಡುಕುವುದು. ಬೆರಳಿಗೆ ತೊಟ್ಟಿನ ಉದ್ದ ತಿಳಿಯಲಿಲ್ಲ. ತಲೆಯೆತ್ತಿ ಬೇಲಿಯ ಕಡೆ ನೋಡಿದಳು. ಕಂಬದ ಬುಡದಲ್ಲಿ ಬೂದು ಬಣ್ಣದ್ದೇನೋ ಇತ್ತು. ಕಲ್ಲು ಅಂದುಕೊಂಡಳು. ಇಂಟು ಮಾರ್ಕು ಹಾಕಿ, ಸತ್ತದ್ದನ್ನು ರಸ್ತೆಯಿಂದಾಚೆ ಎಳೆದು ಮನೆಗೆ ಹೋದಳು.

ಗುರುವಾರ ಬೆಳಿಗ್ಗೆ ನರೆಲ್ ಬಾಗಿಲು ತಟ್ಟದೆಯೇ ಒಳಗೆ ನುಗ್ಗಿದಳು. ನಲವತ್ತೆಂಟರ ಈ ಹೆಂಗಸು ಈ ಕೆಲಸವನ್ನೆಲ್ಲ ಮೆರ್ಲ್‌ಳಿಂದಲೇ ಕಲಿತವಳು. ಅವಳ ಕೋಟಿನೊಳಗೆ ಒಂದು ಮರಿ ಇತ್ತು.

"ಸೇತುವೆ ಹತ್ರ ಸಿಕ್ತು ಮೆರ್ಲ್, ಬೇಲಿ ಕಂಬದ ಬುಡದಲ್ಲಿ. ಕಾಗೆಗಳು ಕುಕ್ತಾ ಇದ್ವು, ಅದಕ್ಕೇ ನಿಲ್ಲಿಸ್ದೆ. ಅಮ್ಮನ ಬೆನ್ ಮೇಲೆ ಇಂಟು ಹಾಕಿದಾರೆ! ಇಷ್ಟುದ್ದ ಮೊಲೆ ಜೋತಾಡ್ತಿದೆ, ಅಷ್ಟೂ ಕಾಣ್ಲಿಲ್ವಾ? ಯಾವ ಕುರುಡು ಮುಂಡೇದು ಹಾಕ್ತೋ!"

ಮೆರ್ಲ್ ಕೈ ಚಾಚಿ ಮರಿಯನ್ನು ತೆಗೆದುಕೊಂಡಳು. ಸಣ್ಣ ಬೆಕ್ಕಿನಷ್ಟು ತೂಕ. ಮೈ ತಣ್ಣಗೆ, ಅಂಗಾಲು ಬಿರಿದಿತ್ತು.

"ಹಾಲು ಬಿಸಿ ಮಾಡ್ಲಾ?"

"ಬೇಡ. ತಣ್ಣಗಿರೋ ಹೊಟ್ಟೆಗೆ ಹಾಲು ಹಾಕಿದ್ರೆ ವಿಷ ಹಾಕ್ದಂಗೆ. ಮೊದ್ಲು ಮೈ ಬೆಚ್ಚಗಾಗ್ಲಿ. ಎಷ್ಟ್ ಸಲ ಹೇಳಿದೀನಿ ನಿಂಗೆ?"



ಬಿಸಿನೀರಿನ ಸೀಸೆಗಳನ್ನು ಸುತ್ತಲೂ ಇಟ್ಟು, ಮರಿಯನ್ನು ಅಂಗಿಯೊಳಗೆ ಎದೆಗೆ ಅವಚಿಕೊಂಡು ಮೆರ್ಲ್ ಒಲೆಯ ಮುಂದೆ ಕೂತಳು. ಗಂಟೆ ಹತ್ತರ ಹೊತ್ತಿಗೆ ಕ್ಲೆಮ್ ಲಾರಿ ನಿಲ್ಲಿಸಿ ಒಳಗೆ ಬಂದ. ನರೆಲ್ ಹೇಳಿದ್ದನ್ನು ಕೇಳಿ ಅವನ ಮುಖ ಇಳಿದುಹೋಯಿತು.

"ಮೂರು ದಿನದಿಂದ ಅಲ್ಲೇ ಓಡಾಡ್ತಿದೀನಲ್ಲೇ! ಬೇಲಿ ಹತ್ರ ಏನೋ ಅಲ್ಲಾಡ್ದಂಗೂ ಆಯ್ತು. ನಿಲ್ಲಿಸೋಣ ಅಂತ ಬ್ರೇಕ್ ಮೇಲೆ ಕಾಲಿಟ್ಟಿದ್ದೆ ಕಣೇ. ಅಷ್ಟ್ರಲ್ಲಿ ಇಂಟು ಕಾಣಿಸ್ತು. ಈ ದಾರೀಲಿ ಬೆಳಬೆಳಿಗ್ಗೆ ಇಂಟು ಹಾಕೋಳು ನಮ್ ಮುದುಕಿ ಒಬ್ಳೇ. ಮೆರ್ಲ್ ನೋಡಿದ್ಮೇಲೆ ನಾನೇನ್ ನೋಡೋದು ಅಂತ ಹೊರಟ್ಹೋದೆ."

"ಮೆರ್ಲ್ ಹಾಕಿರೋ ಇಂಟು ಆಗಿದ್ರೆ ಮರಿ ಅಲ್ಲಿರ್ತಿತ್ತಾ? ತಲೆ ಇದೆಯಾ ನಿಂಗೆ?" ಎಂದು ನರೆಲ್ ರೇಗಿದಳು. "ಹೊಸಬರು ಯಾರೋ ಹಾಕಿರ್ಬೇಕು."

ಮೆರ್ಲ್ ಅಂಗಿಯ ಮೇಲಿಂದ ಮರಿಯ ಬೆನ್ನು ತಿಕ್ಕಿದಳು. ಸುಮ್ಮನಿದ್ದುಬಿಟ್ಟರೆ ಇವರಿಬ್ಬರೂ ನಂಬುತ್ತಾರೆ. ಸಾಯುವವರೆಗೂ ನಂಬುತ್ತಾರೆ. ನಾಳೆಯೂ ಗಾಡಿಯ ಬೀಗದ ಕೈ ಅದೇ ಮೊಳೆಯಲ್ಲಿ ಇರುತ್ತದೆ. ಅಂಗಿಯೊಳಗೆ ಮರಿ ಒಮ್ಮೆ ಬಾಯಿ ಅಲ್ಲಾಡಿಸಿತು, ತೊಟ್ಟು ಹುಡುಕುವಂತೆ. ಅವಳು ಕಿರುಬೆರಳು ಕೊಟ್ಟಳು. ಅದು ಚೀಪಲಿಲ್ಲ, ಬರೀ ತುಟಿ ಇಟ್ಟುಕೊಂಡಿತು.

ಹನ್ನೊಂದೂವರೆಗೆ ಸತ್ತಿತು. ಅದಾದ ಮೇಲೂ ಮೆರ್ಲ್ ಬಹಳ ಹೊತ್ತು ಅದನ್ನು ಹೊರಗೆ ತೆಗೆಯಲಿಲ್ಲ. ನರೆಲ್ ಬಂದು ಭುಜದ ಮೇಲೆ ಕೈಯಿಟ್ಟಳು.

"ನೀನ್ ಮಾಡೋದೆಲ್ಲ ಮಾಡ್ದೆ ಮೆರ್ಲ್. ಕೊಡಿಲ್ಲಿ."

"ನಾನೇ ಕಣೇ."

"ಏನು?"

"ಆ ಇಂಟು ಹಾಕಿದ್ದು ನಾನೇ. ಸೋಮವಾರ. ಈ ಮರೀನ ನೋಡ್ದೆ ಕೂಡ. ಕಲ್ಲು ಅನ್ಕೊಂಡೆ." ಮೆರ್ಲ್ ಅಳುತ್ತಿದ್ದಳು, ಗಂಡ ಸತ್ತಾಗಲೂ ಕ್ಲೆಮ್ ಅವಳ ಅಳು ಕಂಡಿರಲಿಲ್ಲ. "ನಂಗೆ ಕಣ್ಣು ಕಾಣಲ್ಲ. ಹೋದ ವರ್ಷದಿಂದ ಕಾಣಲ್ಲ. ಚೀಟಿ ಬಿಸ್ಕತ್ ಡಬ್ಬದಲ್ಲಿದೆ."

ಕ್ಲೆಮ್ ಟೋಪಿ ತೆಗೆದು ನೆಲ ನೋಡಿದ. ನರೆಲ್ ಬಾಯಿ ತೆರೆದಳು, ಬೆಳಿಗ್ಗೆ ತಾನಾಡಿದ ಮಾತು ನೆನಪಾಗಿ ಮುಚ್ಚಿದಳು. ಮೆರ್ಲ್ ಎದ್ದು ಮೊಳೆಯಿಂದ ಬೀಗದ ಕೈ ತೆಗೆದು ಅವಳ ಕೈಗಿಟ್ಟಳು. ಮೇಜಿನ ಮೇಲಿದ್ದ ಗುಲಾಬಿ ಬಣ್ಣದ ಡಬ್ಬಿಯನ್ನೂ ಕೊಟ್ಟಳು. ಮರಿಯನ್ನು ಮಾತ್ರ ಕೊಡಲಿಲ್ಲ; ಹಿತ್ತಲಿನ ನೀಲಗಿರಿ ಮರದ ಕೆಳಗೆ ಗಟ್ಟಿ ನೆಲವನ್ನು ತಾನೇ ಅಗೆದಳು.

ಆಮೇಲೆ ಎರಡು ವಾರ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ವಾರ ನರೆಲ್ ಹಟ ಹಿಡಿದು ಗಾಡಿಗೆ ಹತ್ತಿಸಿಕೊಂಡಳು. ತೊರೆಯ ಪಕ್ಕ ಒಂದು ಹೆಣ್ಣು ವೊಂಬ್ಯಾಟ್ ಸತ್ತು ಬಿದ್ದಿತ್ತು. ನರೆಲ್ ಮಂಡಿಯೂರಿದಳು.

"ಚೀಲ ಖಾಲಿ ಮೆರ್ಲ್. ಮೊಲೆ ಎರಡೂ ಚಿಕ್ಕವು. ಮರಿ ಇಲ್ಲ."

"ಸುತ್ತ ನೋಡಿದ್ಯಾ?"

"ನೋಡ್ದೆ. ಬರೀ ಕಲ್ಲುಗಳು."

ನರೆಲ್ ಡಬ್ಬಿ ಅಲ್ಲಾಡಿಸುವ ಸದ್ದು ಕೇಳಿ ಮೆರ್ಲ್ ಕೈ ಎತ್ತಿ ತಡೆದಳು. ಗಾಡಿಯಿಂದ ಇಳಿದು, ತಂತಿ ಬೇಲಿ ಹಿಡಿದುಕೊಂಡು ನಿಧಾನ ನಡೆದಳು. ಒಂದೊಂದು ಕಲ್ಲಿನ ಹತ್ತಿರವೂ ಬಗ್ಗಿ, ಅದು ಬೆಚ್ಚಗಿದೆಯೇ ಎಂದು ಕೈಯಿಟ್ಟು ನೋಡುತ್ತ ಹೋದಳು. ಅವಳು ಕೊನೆಯ ಕಲ್ಲು ಮುಟ್ಟಿ ಬರುವವರೆಗೂ ನರೆಲ್ ಇಂಟು ಮಾರ್ಕು ಹಾಕದೆ ಕಾದಳು.