ಚೌಕಾಶಿ ಮಾಡದ ಗಿರಾಕಿ

ಬಳ್ಳಾರಿ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ನನ್ನ ಬಾಯಿಗೆ ಬೀಗವಿರಲಿಲ್ಲ. ದೀಪಾವಳಿ ಹತ್ತಿರ ಬಂತೆಂದರೆ ಕೇಳುವುದೇ ಬೇಡ. ಸಿರುಗುಪ್ಪದ ಕಡೆಯಿಂದ ಬಂಡಿ ಕಟ್ಟಿಕೊಂಡು ಬರುವವರ ಜೊತೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹರಟುತ್ತಿದ್ದೆ. ನಮ್ಮದು ಮುಸಲ್ಮಾನರ ಮನೆ. ಆದರೂ ಹಬ್ಬದ ಬಟ್ಟೆಯ ಅಂಚಿಗೆ ಅರಿಶಿನದ ಬೊಟ್ಟಿಟ್ಟು, ಒಂದು ಒಳ್ಳೆಯ ಮಾತು ಹೇಳಿ ಕೊಡುವ ಕೆಲಸ ನನ್ನ ಪಾಲಿನದು. ಸಾಹುಕಾರರಿಗಿಂತ ನಾನೇ ಚೆನ್ನಾಗಿ ಮಾಡುತ್ತೇನೆಂಬ ಜಂಬ ಬೇರೆ.

ಹಬ್ಬಕ್ಕೆ ಇನ್ನೊಂದು ವಾರವಿದ್ದಾಗ ನೂಕುನುಗ್ಗಲಿನ ನಡುವೆ ಒಬ್ಬ ಬಂದ. ಮೈಯೆಲ್ಲ ಕುಸುಬಿ ಎಣ್ಣೆಯ ವಾಸನೆ. ಯಾವೂರೆಂದು ಕೇಳಿದೆ, ಕುರುಗೋಡು, ಗಾಣದ ಮನೆ ಎಂದ. ಹನ್ನೆರಡು ಮೊಳ ಬಿಳಿ ಬಟ್ಟೆ ಬೇಕಿತ್ತು. ನಾನು ಹೇಳಿದಷ್ಟು ದುಡ್ಡನ್ನು ಸುಮ್ಮನೆ ಕೊಟ್ಟ. ಇಂಥ ಗಿರಾಕಿ ದಿನಕ್ಕೆ ಹತ್ತು ಬರಲಿ ಅಂದುಕೊಂಡು, ಬೊಟ್ಟಿಟ್ಟು, ಮನೆ ಮಂದಿಯೆಲ್ಲ ಉಟ್ಟು ನೂರು ವರ್ಷ ಬಾಳಿ ಎಂದು ಹರಸಿದೆ. ಅವನು ನನ್ನ ಮುಖವನ್ನೇ ನೋಡಿದ. ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಗದ್ದಿಗೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಸಾಹುಕಾರರು ನನ್ನನ್ನು ಹತ್ತಿರ ಕರೆದರು.

"ಲೇ, ಅವ ಚೌಕಾಶಿ ಮಾಡ್ಲಿಲ್ಲ, ನೋಡಿದೇನು? ಹೆಣಕ್ಕ ಹೊದಿಸೋ ಬಟ್ಟಿಗೆ ಯಾರೂ ಚೌಕಾಶಿ ಮಾಡಂಗಿಲ್ಲ. ಅದಕ್ಕ ಅರಿಶಿಣ ಹಚ್ಚಿ ಕೊಟ್ಟೆಲ್ಲೋ."

ನನಗೆ ಗೊತ್ತಿಲ್ಲದ ರೂಢಿಯೇನಲ್ಲ ಅದು. ಹಬ್ಬದ ಗಡಿಬಿಡಿಯಲ್ಲಿ ಕಣ್ಣಿಗೆ ಮಂಕು ಕವಿದಿತ್ತು. ಮನೆಯಲ್ಲಿ ಹೆಣ ಇಟ್ಟುಕೊಂಡು ಬಂದವನಿಗೆ ನೂರು ವರ್ಷ ಬಾಳಿ ಎಂದಿದ್ದೆ! ಕ್ಷಮೆ ಕೇಳದೆ ಇರಲಾರೆ ಅನಿಸಿತು.

ಹಬ್ಬದ ದಿನ ಅಂಗಡಿಗೆ ರಜೆ. ಬೆಳಗಿನ ಜಾವವೇ ಹೊರಟ ಹತ್ತಿಯ ಬಂಡಿಯೊಂದನ್ನು ಹತ್ತಿ ಕುರುಗೋಡಿಗೆ ಹೋದೆ. ಗಾಣದ ಮನೆಯ ಮುಂದೆ ಮೂರು ಮಕ್ಕಳು ಆಡುತ್ತಿದ್ದರು. ಮೂವರ ಮೈಮೇಲೂ ಒಂದೇ ಥಾನಿನ ಬಿಳಿ ಅಂಗಿ. ಚಿಕ್ಕವನ ಬೆನ್ನ ಮೇಲೆ ನನ್ನ ಅರಿಶಿನದ ಬೊಟ್ಟು ಇನ್ನೂ ಹಳದಿಯಾಗಿಯೇ ಇತ್ತು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕಂಬಳಿ ಹೊದ್ದು ಕೂತಿದ್ದಳು.

ಗಾಣದವನು ನನ್ನನ್ನು ಕಂಡು ಗುರುತು ಹಿಡಿದು ಪಕ್ಕಕ್ಕೆ ಕರೆದೊಯ್ದ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಕಟ್ಟೆಯ ಮೇಲಿದ್ದ ಮುದುಕಿ ಅವನ ತಾಯಿ. ವೈದ್ಯರು ಕೈಬಿಟ್ಟಿದ್ದರು, ಹಬ್ಬದಲ್ಲಿ ಅಂಗಡಿಗಳು ಮುಚ್ಚಿರುತ್ತವೆಂದು ಬಟ್ಟೆಯನ್ನು ಮುಂಚೆಯೇ ತಂದಿಟ್ಟಿದ್ದ. ಗಂಟು ತಾಯಿಯ ಕಣ್ಣಿಗೆ ಬಿತ್ತು. ಹಬ್ಬದ ಬಟ್ಟೆ ಎಂದು ಸುಳ್ಳು ಹೇಳಿದ. ಆಕೆ ಬಿಚ್ಚಿಸಿ ನೋಡಿ, ಮೊಮ್ಮಕ್ಕಳಿಗೆ ಅಂಗಿ ಹೊಲಿಸು ಎಂದಳಂತೆ. ಅಂಗಿ ತಯಾರಾಗುವಷ್ಟರಲ್ಲಿ ಗಂಜಿ ಕುಡಿದು ಎದ್ದು ಕೂತಿದ್ದಳು.

"ನೀವು ಅರಿಶಿಣ ಹಚ್ಚಿದ್ರಿ, ನನ್ನ ಸುಳ್ಳು ನಡೀತು," ಎಂದು ನನ್ನ ಕೈ ಹಿಡಿದುಕೊಂಡ.

ಒಂದು ವಾರದಿಂದ ಎದೆಯ ಮೇಲಿದ್ದ ಭಾರ ಇಳಿಯಿತು. ಕಟ್ಟೆಯ ಮೇಲೆ ಮುದುಕಿಯ ಪಕ್ಕ ಕೂತು ನಕ್ಕೆ. ಅವನು ಮಜ್ಜಿಗೆ ತರಲು ಒಳಗೆ ಹೋದ. ಮುದುಕಿ ಕಂಬಳಿ ಸರಿಸಿ ನನ್ನ ಕಡೆ ಬಾಗಿದಳು.

"ಆ ಬಟ್ಟಿ ನನಗಂತನ ತಂದಿದ್ದಪ್ಪ. ನನಗ ಅವತ್ತ ಗೊತ್ತಾತು. ಅವನ ಮುಂದ ಅನ್ನಬ್ಯಾಡ, ಭಾಳ ನಾಚಿಗೊಂತಾನ."