ಬೋರಿ ಚಿಕ್ಕಮ್ಮ ಮತ್ತೆ ನೀರಿಗಿಳಿದದ್ದು

ನನ್ನ ಚಿಕ್ಕಮ್ಮನ ಹೆಸರು ಬೋರ್ಬಾಲ. ನಮ್ಮ ಮಾಕೊ ಊರಿನಲ್ಲಿ ಅವಳನ್ನು ಪೂರ್ತಿ ಹೆಸರಿನಿಂದ ಕರೆಯುವವರು ಪಾದ್ರಿಗಳೊಬ್ಬರೇ. ಮಿಕ್ಕವರಿಗೆಲ್ಲ ಅವಳು ಬೋರಿ. ಬಹಳ ವರ್ಷ ಈರುಳ್ಳಿ ಮಂಡಿಯಲ್ಲಿ ಗಡ್ಡೆ ಆರಿಸುವ ಕೆಲಸ ಮಾಡಿದಳು. ಸಂಜೆ ಕೈಗೆ ಹತ್ತಿದ ಘಾಟು ಹೋಗುವ ಮುಂಚೆಯೇ ಮಾರೋಶ್ ನದಿಯ ದಡಕ್ಕೆ ಓಡಿ ಊರಿನ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನನಗೂ ಕಲಿಸಿದವಳು ಅವಳೇ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಸದಾ ಒದ್ದೆ ತಲೇಲಿರೋ ಹೆಂಗಸು ಯಾರಿಗೆ ಬೇಕು ಬಿಡಿ" ಎಂದು ನಗುತ್ತಿದ್ದಳು.

ಅರವತ್ತು ದಾಟಿದ ಮೇಲೆ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಿ ಎದೆಯನ್ನೇ ತೆಗೆದುಹಾಕಿದರು. ಬದುಕಿಕೊಂಡಳು. ಕೂದಲು ಉದುರಿ ಮತ್ತೆ ಬಂತು. ಆದರೆ ನದಿಗೆ ಹೋಗುವುದು ನಿಂತುಹೋಯಿತು.

ನಿಲ್ಲಿಸಿದವಳು ನನ್ನ ಅಮ್ಮ ಎಟೆಲ್ಕಾ, ಬೋರಿಯ ಅಕ್ಕ. ಜನರ ಬಾಯಿಗೆ ಹೆದರುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಒಳಉಡುಪಿನೊಳಗೆ ಇಟ್ಟುಕೊಳ್ಳುವ ಒಂದು ರಬ್ಬರಿನ ದಿಂಬನ್ನು ಪೇಟೆಯಿಂದ ತಂದುಕೊಟ್ಟಳು. "ಇದನ್ನ ಇಟ್ಕೋ, ಯಾರ್ಗೂ ಗೊತ್ತಾಗಲ್ಲ. ಆದ್ರೆ ನೀರಿಗೆ ಮಾತ್ರ ಇಳೀಬೇಡ, ಅದು ಜಾರಿ ಬಿದ್ರೆ ಗತಿಯೇನು?" ಎಂದಳು. ಚಿಕ್ಕಮ್ಮ ಆ ದಿಂಬಿಗೆ ಬಾಡಿಗೆದಾರ ಎಂದು ಹೆಸರಿಟ್ಟಳು. "ಬಾಡಿಗೆದಾರ ಇವತ್ತು ಬಿಸಿಲಿಗೆ ಸಿಡಿಮಿಡಿ ಅಂತಿದಾನೆ" ಎಂದು ಹೇಳಿ ನಗಿಸುತ್ತಿದ್ದಳು. ಆದರೆ ಎರಡು ಬೇಸಿಗೆ ಬಂದುಹೋದವು, ನದಿಯ ದಡದಲ್ಲಿ ಅವಳ ಕೂಗು ಕೇಳಲಿಲ್ಲ.

ಮೂರನೆಯ ವರ್ಷದ ಮೇ ತಿಂಗಳಲ್ಲಿ ನಾವು ಮೂವರೂ ಒಂದು ವಾರಕ್ಕೆಂದು ಬುಡಾಪೆಸ್ಟಿಗೆ ಹೋದೆವು. ರಾಜಧಾನಿಯನ್ನು ಕಣ್ತುಂಬ ನೋಡಬೇಕೆಂಬುದು ಅಮ್ಮನ ಬಹುದಿನದ ಆಸೆ. ಮೊದಲ ದಿನಗಳನ್ನು ಅವಳೇ ಆಳಿದಳು. ಸಂಸತ್ತು, ಕೋಟೆ, ಬಸಿಲಿಕಾ ಚರ್ಚು, ಸೇತುವೆಗಳು. ಯಾವ ರಾಜ ಯಾವ ಮೆಟ್ಟಿಲು ಕಟ್ಟಿಸಿದನೆಂದು ಓದಿ ಹೇಳುತ್ತಾ ನಮ್ಮನ್ನು ಹತ್ತಿಸಿದಳು, ಇಳಿಸಿದಳು. ಕೊನೆಗೆ ಅವಳ ಕಾಲೇ ಊದಿಕೊಂಡಿತು. ಇನ್ನು ಉಳಿದದ್ದು ಮೂರು ದಿನ, ನೋಡಲೇಬೇಕಾದ್ದು ಏನೂ ಇರಲಿಲ್ಲ. ಬೆಳಗ್ಗೆ ತಡವಾಗಿ ಏಳುವುದು, ಡ್ಯಾನ್ಯೂಬ್ ದಡದ ಬೆಂಚಿನ ಮೇಲೆ ಕೂತು ಚೆರ್ರಿ ತಿಂದು ಬೀಜ ಉಗುಳುವುದು, ಹೋಗುವ ಹಡಗಿಗೆ ಕೈ ಬೀಸುವುದು. ಹಾಗೆ ಕೂತಿದ್ದಾಗಲೇ ಚಿಕ್ಕಮ್ಮ ಹೇಳಿದ್ದು.

"ಮಧ್ಯಾಹ್ನ ಬಿಸಿನೀರಿನ ಕೊಳಕ್ಕೆ ಹೋಗೋಣ. ನಿನ್ನ ಕಾಲಿಗೂ ಒಳ್ಳೇದು ಅಕ್ಕ."

"ಹೋಗೋಣ, ನಾವಿಬ್ರೂ ಇಳೀತೀವಿ. ನೀನು ಮೇಲೆ ಕೂತಿರು."

"ಸ್ನಾನದುಡುಪು ತಂದಿದೀನಿ."

ಅಮ್ಮ ತಿರುಗಿ ನೋಡಿದಳು. ತಂಗಿಯ ಎಡಗಡೆ ರವಿಕೆ ಚಪ್ಪಟೆಯಾಗಿ ಮಲಗಿದ್ದು ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ನಾಲ್ಕು ದಿನ ಕೋಟು ಹಾಕಿದ್ದರಿಂದ ತಿಳಿದಿರಲಿಲ್ಲ.

"ಅದೆಲ್ಲೇ?"

"ಬಾಡಿಗೆದಾರ? ಮನೇಲಿದಾನೆ, ಡ್ರಾಯರಿನಲ್ಲಿ ಮಲಗಿದಾನೆ. ನಾನೊಬ್ಳೇ ರಜಾ ತಗೊಂಡ್ರೆ ಸಾಕಾ? ಅವನಿಗೂ ಬೇಡ್ವಾ?"

ಅಮ್ಮ ಚೆರ್ರಿಯ ಪೊಟ್ಟಣವನ್ನು ನನ್ನ ಮಡಿಲಿಗೆ ಎಸೆದು ಎದ್ದು ನಿಂತಳು. ಆದರೂ ಜೊತೆಗೆ ಬಂದಳು. ತಂಗಿಯನ್ನು ಒಬ್ಬಳನ್ನೇ ಬಿಟ್ಟರೆ ಏನು ಮಾಡಿಬಿಡುತ್ತಾಳೋ ಎಂಬ ಭಯ.

ಅದು ನದಿಯ ಬುಡಾ ದಡದ ಕಡೆಯ ಒಂದು ಹಳೆಯ ಸ್ನಾನಗೃಹ. ಹೆಸರು ಹೇಳುವುದಿಲ್ಲ, ಆ ಕಡೆ ಅಂಥವು ಹಲವಿವೆ. ಚಿಕ್ಕಮ್ಮ ಹಳೆಯ ನೀಲಿ ಉಡುಪಿನಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಹೊರಬಂದಳು. ಒಂದು ಕಡೆ ತುಂಬಿತ್ತು, ಇನ್ನೊಂದು ಕಡೆ ಬಟ್ಟೆ ಒಳಕ್ಕೆ ಬಿದ್ದುಕೊಂಡಿತ್ತು, ಕಂಕುಳಿನ ಹತ್ತಿರ ಗಾಯದ ಕೆಂಪು ಗೆರೆ ಹೊರಗಿಣುಕುತ್ತಿತ್ತು. ಅವಳು ಕೈಯಿಂದ ಮುಚ್ಚಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತು, ನೀರಿನಲ್ಲಿದ್ದವರಿಗೆಲ್ಲ ನೋಡಲು ಬೇಕಾದಷ್ಟು ಸಮಯ ಕೊಟ್ಟು, ಆಮೇಲೆ ಇಳಿದಳು.

ನೀರು ಕುತ್ತಿಗೆಯವರೆಗೆ ಬಂದಾಗ ಅವಳು ಕಣ್ಣು ಮುಚ್ಚಿ "ಆಹಾ" ಎಂದಳು. ಆ ಸದ್ದನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ.

ಪಕ್ಕದಲ್ಲಿ ಮುತ್ತಿನ ಓಲೆ ಹಾಕಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ಸ್ವಲ್ಪ ಹೊತ್ತು ನೋಡಿ, ಮರುಕದ ದನಿಯಲ್ಲಿ, "ಪಾಪ, ಇಷ್ಟೊಂದು ಜನರ ಎದುರಿಗೆ ಬರೋಕೆ ನಿಮಗೆ ಕಷ್ಟ ಆಗಲ್ವಾ?" ಎಂದಳು.

"ಇಲ್ವಲ್ಲ. ನಿಮಗೆ ಆಗ್ತಿದೆಯಾ?"

ಹೆಂಗಸು ಆಚೆ ಸರಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ದಡದಲ್ಲಿ ಬಿಳಿ ಅಂಗಿಯ ಮೇಲ್ವಿಚಾರಕನ ಜೊತೆ ಮಾತಾಡುತ್ತಾ ನಮ್ಮ ಕಡೆ ಗದ್ದ ಚಾಚಿ ತೋರಿಸುವುದು ಕಾಣಿಸಿತು. ಅವನು ಆ ದಿನ ಏನೂ ಹೇಳಲಿಲ್ಲ. ಮರುದಿನ ನಾವು ಮತ್ತೆ ಹೋದಾಗ ನೀರಿನ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕೂತ. ಮೂವತ್ತರ ಆಸುಪಾಸಿನ ಹುಡುಗ, ಮಾತು ಬೆಣ್ಣೆಯಂಥದ್ದು.

"ಅಜ್ಜಿ, ಹಿಂದುಗಡೆ ಒಂದು ಚಿಕ್ಕ ತೊಟ್ಟಿ ಇದೆ. ಒಬ್ರೇ ಆರಾಮಾಗಿ ಇರಬಹುದು. ನಿಮಗೆ ದುಡ್ಡೂ ಬೇಡ."

"ಅಲ್ಲಿ ನೀರು ಬೇರೆಯಾ?"

"ಇಲ್ಲ, ಅದೇ ನೀರು."

"ಹಾಗಾದ್ರೆ ಯಾಕೆ ಎದ್ದು ಹೋಗ್ಲಿ?"

"ಕೆಲವರಿಗೆ ಮುಜುಗರ ಆಗ್ತಿದೆ ಅಂತ..."

"ಮುಜುಗರ ಆದವರನ್ನ ಆ ತೊಟ್ಟಿಗೆ ಕಳಿಸಪ್ಪ. ಆರಾಮಾಗಿ ಇರಬಹುದಂತಲ್ಲ."

ನೀರಿನಲ್ಲಿ ನಿಂತೇ ಚದುರಂಗ ಆಡುತ್ತಿದ್ದ ಇಬ್ಬರು ಮುದುಕರಲ್ಲಿ ಒಬ್ಬ ಗೊಳ್ಳೆಂದು ನಕ್ಕ. ಹುಡುಗನ ಮುಖ ಕೆಂಪಾಯಿತು, ಎದ್ದು ಹೋದ. ಅಮ್ಮ ಅಷ್ಟರಲ್ಲಿ ಟವೆಲ್ ಸುತ್ತಿಕೊಂಡು ಬಾಗಿಲು ದಾಟಿದ್ದಳು.

ಆ ಸಂಜೆ ಮಾರುಕಟ್ಟೆಯ ಮೂಲೆಯಲ್ಲಿ ನಿಂತು ಲಾಂಗೋಶ್ ತಿನ್ನುವಾಗ ಜಗಳವಾಯಿತು. ಕರಿದ ಬಿಸಿ ರೊಟ್ಟಿಯ ಮೇಲೆ ಬೆಳ್ಳುಳ್ಳಿ ನೀರು ಸವರಿಕೊಂಡು ಚಿಕ್ಕಮ್ಮ ಚಪ್ಪರಿಸುತ್ತಿದ್ದಳು. ಅಮ್ಮ ಮುಟ್ಟಲಿಲ್ಲ.

"ಮಾನ ಮರ್ಯಾದೆ ಇಲ್ವೇನೇ ನಿಂಗೆ? ಅವರೆಲ್ಲ ನೋಡ್ತಿದ್ರೆ ನನ್ನನ್ನೇ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯ್ತು."

"ನಿನ್ನನ್ನ ಯಾರು ನೋಡಿದ್ರು? ನಿನ್ನವೆರಡೂ ಇದಾವಲ್ಲ."

"ಹಲ್ಲು ಕಿರೀಬೇಡ. ಒಂದು ದಿಂಬು ಇಟ್ಕೊಳ್ಳೋದು ಅಷ್ಟು ದೊಡ್ಡ ಕಷ್ಟವಾ? ಯಾರಿಗೋಸ್ಕರ ತಂದೆ ನಾನು?"

ಚಿಕ್ಕಮ್ಮ ರೊಟ್ಟಿಯನ್ನು ಕೆಳಗಿಟ್ಟಳು. ಬೆರಳನ್ನು ಕಾಗದಕ್ಕೆ ಒರೆಸಿಕೊಂಡಳು. ಅವಳು ನಗದೆ ಮಾತಾಡಿದ್ದನ್ನು ನಾನು ಕಂಡದ್ದು ಬಹಳ ಅಪರೂಪ.

"ನೀನು ತಂದದ್ದು ನಿನಗೋಸ್ಕರ ಅಕ್ಕ. ನಿನಗೋಸ್ಕರ ನಾನೂ ಎರಡು ವರ್ಷ ಇಟ್ಕೊಂಡೆ. ಡಾಕ್ಟ್ರು ನನ್ನಿಂದ ಎದೆ ಕಿತ್ಕೊಂಡ್ರು, ಸರಿ, ಅದರಲ್ಲಿ ರೋಗ ಇತ್ತು. ನದಿ ಕಿತ್ಕೊಂಡವಳು ನೀನು. ನದಿಯಲ್ಲಿ ಏನಿತ್ತು?"

ಕೋಣೆಗೆ ಹಿಂದಿರುಗುವ ಟ್ರಾಮಿನಲ್ಲಿ ಅಮ್ಮ ನಮ್ಮಿಂದ ದೂರ, ಡ್ರೈವರನ ಬೆನ್ನ ಹಿಂದೆ ಕೂತಳು.

ಕೊನೆಯ ದಿನ ಮಧ್ಯಾಹ್ನಕ್ಕೆ ನಮ್ಮ ರೈಲು. ಬೆಳಗ್ಗೆ ಚಿಕ್ಕಮ್ಮ ಯಾರನ್ನೂ ಕೇಳದೆ ಚೀಲ ಹೆಗಲಿಗೇರಿಸಿ ಹೊರಟಳು. ನಾನು ಹಿಂದೆ ಹೋದೆ. ಬಾಗಿಲಿನವರೆಗೆ ಬಂದ ಮೇಲೆ ನೋಡಿದರೆ ಅಮ್ಮನೂ ಊದಿದ ಕಾಲೆಳೆದುಕೊಂಡು ಬರುತ್ತಿದ್ದಾಳೆ. ಅವಳು ಉಡುಪು ಬದಲಿಸಲಿಲ್ಲ. ಕೋಟು ತೊಟ್ಟು, ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಆ ಸೆಕೆಯಲ್ಲಿ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು.

ಚಿಕ್ಕಮ್ಮ ಈ ಸಲ ಬಿಸಿನೀರಿಗೆ ಹೋಗಲಿಲ್ಲ. ಈಜುವವರ ತಣ್ಣೀರಿನ ಕೊಳದ ಕಡೆ ನಡೆದಳು. ಅಷ್ಟರಲ್ಲಿ ಮೇಲ್ವಿಚಾರಕ ದಪ್ಪನೆಯ ಬಿಳಿ ನಿಲುವಂಗಿಯೊಂದನ್ನು ಹಿಡಿದು ಅಡ್ಡ ಬಂದ.

"ಅಜ್ಜಿ, ಇದನ್ನ ಹೊದ್ದುಕೊಳ್ಳಿ. ಹೊದ್ದುಕೊಂಡು ಇಲ್ಲೇ ಕೂತ್ರೆ ಯಾರ್ದೂ ತಕರಾರಿಲ್ಲ."

"ಇದನ್ನ ಹೊದ್ದುಕೊಂಡು ಈಜಿದ್ರೆ ಮುಳುಗ್ತೀನಿ. ಅದೇ ಬೇಕಾ ನಿಂಗೆ?" ಎಂದಳು ಚಿಕ್ಕಮ್ಮ. "ಸೋಪು ಹಾಕಿ ತೊಳ್ಕೊಂಡಿದೀನಿ. ತಲೆಗೆ ಟೋಪಿ ಇದೆ. ಓಡ್ತಿಲ್ಲ, ಕೂಗ್ತಿಲ್ಲ. ನಿಮ್ಮ ಗೋಡೆ ಮೇಲಿನ ಬೋರ್ಡಿನಲ್ಲಿ ಎದೆ ಎಷ್ಟಿರಬೇಕು ಅಂತ ಬರೆದಿದ್ರೆ ತೋರ್ಸು, ಈಗ್ಲೇ ಹೋಗ್ತೀನಿ."

ಹುಡುಗ, ಬಹುಶಃ ಮರ್ಯಾದೆಯಿಂದಲೇ ಇರಬೇಕು, ನಿಲುವಂಗಿಯನ್ನು ತಾನೇ ಅವಳ ಭುಜಕ್ಕೆ ಹೊದಿಸಲು ಕೈ ಎತ್ತಿದ.

"ಮುಟ್ಟಬೇಡ!"

ಇಡೀ ಸ್ನಾನಗೃಹ ತಿರುಗಿ ನೋಡಿತು. ಕೂಗಿದವಳು ಅಮ್ಮ. ಕೋಟಿನ ಗುಂಡಿ ಹಾಕಿದ್ದ ಹಾಗೇ, ಬೂಟು ಕಾಲಿನಲ್ಲೇ, ಒದ್ದೆ ಕಲ್ಲಿನ ಮೇಲೆ ಅವಳು ದಡಬಡ ನಡೆದು ಬಂದಳು.

"ನನ್ನ ತಂಗಿ ಮೈ ಮುಟ್ಟೋಕೆ ನೀನ್ಯಾರೋ? ಅಜ್ಜಿಯಂತೆ, ಅಜ್ಜಿ! ಯಾರಿಗೋ ಅಜ್ಜಿ? ನಿಮ್ಮಜ್ಜಿಗೂ ಹೀಗೇ ಬಟ್ಟೆ ಹೊದಿಸಿ ಮೂಲೇಲಿ ಕೂರಿಸ್ತೀಯಾ?"

"ಅಮ್ಮಾ, ಇಲ್ಲಿ ಬೂಟು ಹಾಕ್ಕೊಂಡು ಬರಬಾರದು..." ಎಂದ ಹುಡುಗ.

"ಬಂದಿದೀನಿ! ಏನ್ಮಾಡ್ತೀಯ?"

ಅಷ್ಟು ಹೊತ್ತಿಗೆ ಹಿಂದೆ ನೀರು ಸೀಳಿದ ಸದ್ದಾಯಿತು. ಚಿಕ್ಕಮ್ಮ ಇವರಿಬ್ಬರನ್ನೂ ಬಿಟ್ಟು ಕೊಳಕ್ಕೆ ಹಾರಿಬಿಟ್ಟಿದ್ದಳು.

ಮೇಲೆದ್ದು ಈಜತೊಡಗಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಮಾರೋಶ್ ನದಿಯನ್ನು ಬಾಣದ ಹಾಗೆ ದಾಟುತ್ತಿದ್ದವಳು ಅವಳು. ಈಗ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಗಾಯ ಹಿಡಿದೆಳೆಯುತ್ತಿತ್ತು. ನಾಲ್ಕು ಸಲ ಕೈ ಬೀಸುವುದರೊಳಗೆ ಎಡಕ್ಕೆ ವಾಲಿ ಗೋಡೆಗೆ ಭುಜ ತಾಗಿಸಿಕೊಂಡಳು. ಆ ಕೈಯನ್ನು ಬಾಯಿಗೆ ಬಂದ ಹಾಗೆ ಬೈದಳು. ಗೋಡೆಯಿಂದ ತಳ್ಳಿಕೊಂಡು ಮತ್ತೆ ಹೊರಟಳು, ಮತ್ತೆ ವಾಲಿದಳು, ಮತ್ತೆ ಬೈದಳು. ಮುತ್ತಿನ ಓಲೆಯ ಹೆಂಗಸು ಬಿಸಿನೀರಿನಿಂದ ಎದ್ದು, ನಮ್ಮ ಕಡೆ ನೋಡದೆ ಒಳಗೆ ಹೋದಳು. ಮೇಲ್ವಿಚಾರಕ ನಿಲುವಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಕ್ಷಮಿಸಿ ಎನ್ನಲಿಲ್ಲ, ಹೊರಗೆ ಹೋಗಿ ಎಂದೂ ಅನ್ನಲಿಲ್ಲ. ಅಮ್ಮನ ಬೂಟಿನ ಗುರುತನ್ನು ಒರೆಸಲು ಬಟ್ಟೆ ತಂದ.

"ಬೋರಿ, ರೈಲು!" ಎಂದು ಅಮ್ಮ ದಡದಿಂದ ಕೂಗಿದಳು.

"ಹೋಗ್ಲಿ ಬಿಡು!"

ಹೋಯಿತು. ಸಂಜೆಯ ರೈಲಿನಲ್ಲಿ ನಮಗೆ ಸಿಕ್ಕಿದ್ದು ಎರಡೇ ಸೀಟು. ಚಿಕ್ಕಮ್ಮ ಒದ್ದೆ ಕೂದಲನ್ನು ಕಿಟಕಿಯ ಗಾಳಿಗೆ ಒಡ್ಡಿ ಕೂತಿದ್ದಳು. ಎಡಗೈಯನ್ನು ಎತ್ತಲಾರದಷ್ಟು ನೋವಿತ್ತು ಅವಳಿಗೆ. ಅಮ್ಮ ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ನೀವತೊಡಗಿದಳು. ಸುಮಾರು ದೂರ ಹೋದ ಮೇಲೆ, "ಆದ್ರೂ ದಿಂಬು ಇಟ್ಕೊಂಡಿದ್ರೆ ಇಷ್ಟೆಲ್ಲ ರಂಪ ಇರ್ತಿರ್ಲಿಲ್ಲ" ಎಂದಳು.

"ಇನ್ನೂ ಸ್ವಲ್ಪ ಮೇಲೆ ಉಜ್ಜು ಅಕ್ಕ" ಎಂದಳು ಚಿಕ್ಕಮ್ಮ.

ಆ ಬೇಸಿಗೆ ಅವಳು ಮತ್ತೆ ನದಿಗಿಳಿದಳು. ಕೆಲವು ತಾಯಂದಿರು ಮಕ್ಕಳನ್ನು ಕಳಿಸಲಿಲ್ಲ. ಒಬ್ಬಳು ದಡಕ್ಕೇ ಬಂದು, ಮಕ್ಕಳ ಕಣ್ಣಿಗೆ ಇದೆಲ್ಲ ಬೀಳಬೇಕಾ ಎಂದು ಕೇಳಿದಳು. "ಬೀಳ್ಲಿ. ನಾಳೆ ನಿನಗೋ ನನಗೋ ಅವರಿಗೋ ಏನಾದ್ರೂ ಆದ್ರೆ ಹೆದರದೆ ಇರ್ತಾರೆ" ಎಂದು ಚಿಕ್ಕಮ್ಮ ಹೇಳಿ ಸೀಟಿ ಊದಿದಳು. ಆ ತಾಯಿ ಮಗಳ ಕೈ ಹಿಡಿದು ಹೊರಟುಹೋದಳು, ಮತ್ತೆ ಬರಲಿಲ್ಲ. ಉಳಿದ ಮಕ್ಕಳು ಮೊದಲ ದಿನ ಗಾಯದ ಬಗ್ಗೆ ನೂರು ಪ್ರಶ್ನೆ ಕೇಳಿದರು. ಎರಡನೆಯ ದಿನ ಅವರಿಗೆ ಅದು ನೆನಪೇ ಇರಲಿಲ್ಲ, ನೀರಿನಲ್ಲಿ ಒಬ್ಬರ ಕಾಲನ್ನು ಒಬ್ಬರು ಎಳೆಯುವುದರಲ್ಲಿ ಮುಳುಗಿದ್ದರು.